ಕೌದಿಯ ಅಂಚು ಸುಕ್ಕಾದರೆ

ಪ್ರಶ್ನೆ: ಗೆಳತಿಗೆ ಕೊಡಲು ಹಳೆಯ ನೂಲಿನ ಸೀರೆಗಳಿಂದ 5×7 ಅಡಿ ಕೌದಿ ಹೊಲಿದಿದ್ದೇನೆ. ಅಂಚಿಗೆ ಖಣದ ಪಟ್ಟಿ ಹಚ್ಚಿದರೆ ಸುಕ್ಕು ಬೀಳುತ್ತದೆ, ಮೂಲೆ ಉಬ್ಬುತ್ತದೆ. ಏನು ಮಾಡಲಿ?
– ಓದುಗರು, ಗದಗ

ಉತ್ತರ: ಪಟ್ಟಿಯನ್ನು ಎಳೆದು ಹಿಡಿದು ಹೊಲಿದಿರಬೇಕು, ಕೈ ಬಿಟ್ಟೊಡನೆ ಅದು ಹಿಂದಕ್ಕೆ ಸರಿದು ಕೌದಿಯನ್ನು ಮುದುರಿಸುತ್ತದೆ. ಬಿಚ್ಚಿಬಿಡಿ. ಖಣವನ್ನು ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಕುಗ್ಗಿ ಮತ್ತೆ ಸುಕ್ಕು! ಎರಡೂವರೆ ಇಂಚು ಅಗಲದ ಪಟ್ಟಿ ಒಟ್ಟು 25 ಅಡಿ ಬೇಕು: ಸುತ್ತಳತೆ 24, ಮೂಲೆ ಮತ್ತು ಜೋಡಣೆಗೆ ಒಂದು. ತುಂಡುಗಳನ್ನು ಓರೆಯಾಗಿ ಜೋಡಿಸಿ, ಜೋಡಣೆ ಒಂದೇ ಕಡೆ ದಪ್ಪವಾಗದು.

ಮೂಲೆಗೆ ಅರ್ಧ ಇಂಚು ಇರುವಾಗಲೇ ಹೊಲಿಗೆ ನಿಲ್ಲಿಸಿ. ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಚಿ, ನೇರ ಕೆಳಗಿಳಿಸಿ, ಅಂಚಿನಿಂದ ಮತ್ತೆ ಆರಂಭಿಸಿ. ಒಳಪದರಗಳ ಮೂಲೆಯನ್ನು ಸ್ವಲ್ಪ ಕತ್ತರಿಸಿದರೆ ಉಬ್ಬು ಇಳಿಯುತ್ತದೆ. ಆದರೆ ಹೊಲಿಗೆಯವರೆಗೆ ಕತ್ತರಿ ಹೋಗಬಾರದು.

ಇಳಕಲ್ ಸೀರೆಯ ಕೆಂಪು ಸೆರಗು ಬಳಸಿದ್ದರೆ ಒದ್ದೆಯಾದ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ಬಣ್ಣ ಹತ್ತಿದರೆ, ಮೊದಲೆರಡು ಸಲ ಬೇರೆಯಾಗಿ, ತಣ್ಣೀರಲ್ಲಿ, ನೆನೆಹಾಕದೆ ಒಗೆಯಲು ಗೆಳತಿಗೆ ಹೇಳಿಬಿಡಿ.