ಮಧ್ಯವರ್ತಿಯನ್ನು ತೆಗೆದರೆ ಮೌಲ್ಯ ಸರಪಳಿ ಸರಿಹೋಗುತ್ತದೆಯೇ?

ಪೂರೈಕೆ ಸರಪಳಿಗೂ ಮೌಲ್ಯ ಸರಪಳಿಗೂ ಏನು ವ್ಯತ್ಯಾಸ, ಮಧ್ಯವರ್ತಿಗಳನ್ನು ಕೈಬಿಟ್ಟರೆ ರೈತರ ಪಾಲು ತಾನಾಗಿಯೇ ಹೆಚ್ಚುವುದಿಲ್ಲವೇ ಎಂದು ಕೇಳಿದ್ದೀರಿ.

ಹೊಲದಿಂದ ತಟ್ಟೆಯವರೆಗೆ ಸರಕು ಸಾಗುವ ದಾರಿ ಪೂರೈಕೆ ಸರಪಳಿ. ಆ ದಾರಿಯ ಒಂದೊಂದು ಹಂತದಲ್ಲಿ ಎಷ್ಟು ಮೌಲ್ಯ ಸೇರುತ್ತದೆ, ಅದಕ್ಕೆ ತಗಲುವ ವೆಚ್ಚವೆಷ್ಟು, ಮಿಕ್ಕಿದ್ದು ಯಾರ ಕೈಸೇರುತ್ತದೆ ಎಂದು ಲೆಕ್ಕ ಹಾಕಿದಾಗ ಅದೇ ದಾರಿ ಮೌಲ್ಯ ಸರಪಳಿಯಾಗಿ ಕಾಣುತ್ತದೆ. 1985ರಲ್ಲಿ ವ್ಯವಹಾರ ತಂತ್ರದ ವಿದ್ವಾಂಸ ಮೈಕೆಲ್ ಪೋರ್ಟರ್ ಒಂದು ಕಂಪನಿಯೊಳಗಿನ ಕೆಲಸಗಳನ್ನು ಬಿಡಿಸಿ ನೋಡಲು ಈ ಪದವನ್ನು ಬಳಸಿದರು. ಕೃಷಿಯಲ್ಲಿ ಕೊಂಡಿಗೊಬ್ಬ ಮಾಲೀಕನಿರುವುದರಿಂದ ತೊಡಕು ಹೆಚ್ಚು.

ನಾನು ಕೆಲವು ವರ್ಷ ಟೊಮೆಟೊ ಪೇಸ್ಟ್ ತಯಾರಿಸುವ ಘಟಕವೊಂದರಲ್ಲಿ ಹಣ್ಣಿನ ಗುಣಮಟ್ಟ ಪರೀಕ್ಷಿಸುತ್ತಿದ್ದೆ. ಲಾರಿ ಬಂದೊಡನೆ ರಸ ಹಿಂಡಿ, ಎರಡು ಹನಿಯನ್ನು ರಿಫ್ರಾಕ್ಟೋಮೀಟರಿನ ಗಾಜಿನ ಮೇಲಿಟ್ಟು ಬ್ರಿಕ್ಸ್, ಅಂದರೆ ರಸದಲ್ಲಿ ಕರಗಿರುವ ಘನಾಂಶದ ಶೇಕಡಾ ಪ್ರಮಾಣವನ್ನು ಬರೆದುಕೊಳ್ಳಬೇಕಿತ್ತು. 28 ಬ್ರಿಕ್ಸಿನ ಒಂದು ಕಿಲೋ ಪೇಸ್ಟಿಗೆ 4 ಬ್ರಿಕ್ಸಿನ ಹಣ್ಣಾದರೆ ಲೆಕ್ಕದ ಪ್ರಕಾರ 7 ಕಿಲೋ ಬೇಕು, 5 ಬ್ರಿಕ್ಸಿನದಾದರೆ 5.6 ಕಿಲೋ ಸಾಕು. ವ್ಯತ್ಯಾಸವೆಲ್ಲ ನೀರು, ಅದನ್ನು ಹೊತ್ತು ತರುವುದಕ್ಕೂ ಆವಿಯಾಗಿಸುವುದಕ್ಕೂ ಇಂಧನ ಸುಡಬೇಕು. ಆದರೆ ಘಟಕ ಹಣ ಕೊಡುತ್ತಿದ್ದುದು ತೂಕಕ್ಕೆ! ಕೊಯ್ಲಿಗೆ ಮುನ್ನ ನೀರು ಕಡಿಮೆ ಮಾಡಿದರೆ ಘನಾಂಶ ಏರುತ್ತದೆ, ತೂಕ ಇಳಿಯುತ್ತದೆ; ಹೀಗಿರುವಾಗ ಯಾವ ರೈತ ತಾನೇ ನೀರು ನಿಲ್ಲಿಸಿಯಾನು? ನಾನು ಬರೆದ ಅಂಕಿ ನಮ್ಮ ದಾಖಲೆ ಪುಸ್ತಕ ದಾಟಿ ಹೊರಗೆ ಹೋಗಲೇ ಇಲ್ಲ. ಕೊನೆಯ ಕೊಂಡಿಗೆ ಬೇಕಾದ ಗುಣ ಮೊದಲ ಕೊಂಡಿಗೆ ಬೆಲೆಯ ರೂಪದಲ್ಲಿ ತಲುಪದಿದ್ದರೆ, ಅದಕ್ಕೆ ಯಾವ ಹೆಸರಿಟ್ಟರೂ ಅದು ಬರೀ ಸಾಗಾಟವೆಂದೇ ನನ್ನ ಅಭಿಪ್ರಾಯ.

ಇನ್ನು ಮಧ್ಯವರ್ತಿಯ ವಿಚಾರ. ಚದುರಿದ ಸಣ್ಣ ಹಿಡುವಳಿಗಳ ಫಸಲನ್ನು ಒಂದೆಡೆ ಸೇರಿಸುವುದು, ದರ್ಜೆವಾರು ವಿಂಗಡಿಸುವುದು, ಮುಂಗಡ ಕೊಡುವುದು, ದಾರಿಯಲ್ಲಿ ಕೊಳೆತದ್ದರ ನಷ್ಟ ಹೊರುವುದು ಇವೆಲ್ಲ ಆತ ಹೋದ ಮೇಲೂ ಉಳಿಯುವ ಕೆಲಸಗಳು. ಸಹಕಾರ ಸಂಘವೋ ಸಂಸ್ಕರಣಾ ಘಟಕವೋ ಅವನ್ನು ವಹಿಸಿಕೊಳ್ಳಲೇಬೇಕು. ಕೊಯ್ಲಿನ ನಂತರ, ಚಿಲ್ಲರೆ ಮಾರಾಟಕ್ಕೆ ಮುನ್ನವೇ ಜಗತ್ತಿನ ಆಹಾರದ ಸುಮಾರು ಶೇ. 14ರಷ್ಟು ನಷ್ಟವಾಗುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜಿಸಿತ್ತು. ನೇರ ಖರೀದಿಯ ಒಪ್ಪಂದಕ್ಕೆ ಸಹಿ ಹಾಕುವವರು ಈ ನಷ್ಟ ಯಾರ ಲೆಕ್ಕಕ್ಕೆ ಬೀಳುತ್ತದೆಂದು ಮೊದಲು ವಿಚಾರಿಸಬೇಕು.

ಖರೀದಿದಾರ ಒಬ್ಬನೇ ಇದ್ದು ದರ, ತೂಕ, ದರ್ಜೆ ಮೂರನ್ನೂ ಆತನೇ ನಿರ್ಧರಿಸುವ ಕಡೆ, ರೈತರ ಪಾಲು ನಡುವಿನವರ ಕೈಸೇರುತ್ತದೆಂಬ ನಿಮ್ಮ ದೂರು ನೂರಕ್ಕೆ ನೂರು ಸರಿ. ಅಂಥಲ್ಲಿ ನಾನಾದರೆ ರೈತರ ಗುಂಪಿಗೆ ಮೊದಲು ಕೊಡಿಸುವುದು ಅವರದೇ ಆದ ಒಂದು ತಕ್ಕಡಿ, ಕಿಸೆಯಲ್ಲಿ ಹಿಡಿಸುವ ಒಂದು ರಿಫ್ರಾಕ್ಟೋಮೀಟರು.