ಬಲಗಡೆ ಲೇನ್ ಇರೋದು ಓವರ್‌ಟೇಕ್‌ಗೆ, 100ಕ್ಕಲ್ಲ

"ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಲಿ ಲಿಮಿಟ್ 100. ಬಲಗಡೆ ಲೇನಲ್ಲಿ 100ಕ್ಕೇ ಕ್ರೂಸ್ ಹಾಕಿ ಹೋಗ್ತೀನಿ, ಆದ್ರೂ ಹಿಂದಿನವ್ರು ಯಾಕೆ ಲೈಟ್ ಹೊಡೀತಾರೆ" ಅಂತ ಕೇಳಿದೀರಲ್ಲ ಸರ್, ಲೈಟ್ ಹೊಡೆಯೋದು ಒರಟುತನ ನಿಜ, ಆದ್ರೆ ಅಲ್ಲಿ ಕೂತಿರೋದು ನಿಮ್ಮ ತಪ್ಪೇ. 100 ಅನ್ನೋದು ಇಡೀ ರಸ್ತೆಗೆ ಕಾರಿನ ಗರಿಷ್ಠ ಮಿತಿ. ಮೂರೂ ಲೇನಿಗೂ ಅದೇ. ಹಿಂದಿನವನು 120ರಲ್ಲಿ ಬಂದ್ರೆ ಹಿಡಿಯೋಕೆ ಕ್ಯಾಮೆರಾ ಇದೆ, 130 ದಾಟಿದ್ರೆ ಎಫ್‌ಐಆರ್ ಕೂಡ ಆಗುತ್ತೆ. ಅವನನ್ನ ತಡೆಯೋ ಕೆಲಸ ನಿಮ್ಮದಲ್ಲ. ನೀವು ಜಾಗ ಬಿಡದಿದ್ರೆ ಅವನು ಎಡಗಡೆ ಲಾರಿಗಳ ಸಂದಿಯಲ್ಲಿ ನುಗ್ತಾನೆ.

ನಮ್ಮ ಲಾರಿಗಳು ಎಡ ಬಿಟ್ಟು ನಡುವಿನ ಲೇನ್ ಹಿಡಿಯೋದ್ರಿಂದ ಕಾರಿನವ್ರು ಬಲಕ್ಕೆ ಸೇರ್ಕೊಳ್ತಾರೆ, ಒಪ್ಪೋಣ. ಆದ್ರೂ ಓವರ್‌ಟೇಕ್ ಆದ ತಕ್ಷಣ ವಾಪಸ್ ಬನ್ನಿ. ಯಾವಾಗ ಅಂದ್ರೆ, ಹಿಂದೆ ಹಾಕಿದ ಲಾರಿಯ ಎರಡೂ ಹೆಡ್‌ಲೈಟ್ ಒಳಗಿನ ಕನ್ನಡೀಲಿ ಪೂರ್ತಿ ಕಂಡ ಮೇಲೆ. ಪಕ್ಕದ ಕನ್ನಡಿ ನೋಡಿ ನಿರ್ಧಾರ ಮಾಡ್ಬೇಡಿ, ಅದ್ರಲ್ಲಿ ಹತ್ತಿರದ ಗಾಡಿಯೂ ದೂರ ಕಾಣುತ್ತೆ. ಕ್ರಮ ಇಷ್ಟೇ: ಕನ್ನಡಿ, ಇಂಡಿಕೇಟರ್, ಮೂರು ಸೆಕೆಂಡ್ ಕಾಯೋದು, ಭುಜದ ಮೇಲಿಂದ ಒಂದು ನೋಟ, ಆಮೇಲೆ ಸ್ಟೀರಿಂಗ್. ಇಂಡಿಕೇಟರ್ ಹಾಕ್ತಾನೇ ತಿರುಗಿಸೋರಿಗೆ ಇಂಡಿಕೇಟರ್ ಇದ್ದೂ ಪ್ರಯೋಜನ ಇಲ್ಲ.

ಇನ್ನೊಂದು ಲೆಕ್ಕ. ಮುಂದಿನವನು 95, ನೀವು 100. ವ್ಯತ್ಯಾಸ ಸೆಕೆಂಡಿಗೆ ಒಂದೂವರೆ ಮೀಟರೂ ಇಲ್ಲ. ಸರಿಯಾದ ಅಂತರ ಬಿಟ್ಟು ಹೊರಟು, ಅಷ್ಟೇ ಅಂತರ ಬಿಟ್ಟು ಮುಂದೆ ಸೇರೋಕೆ ಸುಮಾರು ಎರಡು ನಿಮಿಷ, ಮೂರೂವರೆ ಕಿಲೋಮೀಟರ್ ಬೇಕು. ಅಂಥ ಓವರ್‌ಟೇಕ್ ಮಾಡ್ಲೇಬೇಡಿ, ಅವನ ಹಿಂದೆ 95ರಲ್ಲೇ ಇರಿ.

ಅಂತರ ಅಂದ್ರೆ ಮೂರು ಸೆಕೆಂಡ್, 100ರಲ್ಲಿ ಅದು 83 ಮೀಟರ್. ಮುಂದಿನ ಕಾರು ಒಂದು ಬೋರ್ಡ್ ದಾಟಿದಾಗ ಎಣಿಸೋಕೆ ಶುರು ಮಾಡಿ, ಮೂರು ಸೆಕೆಂಡ್ ಆಗೋಕೆ ಮುಂಚೆ ನೀವು ಆ ಬೋರ್ಡ್ ಮುಟ್ಟಬಾರದು. ಮಳೇಲಿ ಆರು ಸೆಕೆಂಡ್. ಹಾಗಂತ ಮಳೇಲಿ ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಟುಕಿಸೋದು) ಹಾಕ್ಕೊಂಡು ಓಡಿಸ್ಬೇಡಿ ಮಾರಾಯ್ರೇ, ನಿಂತ ಗಾಡಿ ಯಾವುದು ಓಡೋ ಗಾಡಿ ಯಾವುದು ಅಂತ ಹಿಂದಿನವ್ರಿಗೆ ಗೊತ್ತಾಗಲ್ಲ, ಲೇನ್ ಬದಲಿಸೋ ಇಂಡಿಕೇಟರೂ ಕಾಣಲ್ಲ. ಎಕ್ಸ್‌ಯುವಿ 700, ಹ್ಯಾರಿಯರ್ ಥರ ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿ ನೋಡಿ ತಾನೇ ಅಂತರ ಕಾಯೋ ಕ್ರೂಸ್) ಇರೋರು ಗ್ಯಾಪ್ ಸೆಟ್ಟಿಂಗನ್ನ ಅತಿ ದೂರಕ್ಕೆ ಇಡಿ. ಬೇರೆಯವ್ರು ಮಧ್ಯೆ ನುಗ್ತಾರೆ ಅಂತ ಕಮ್ಮಿ ಮಾಡೋದು ಹುಚ್ಚುತನ, ನುಗ್ಗಲಿ ಬಿಡಿ. ನನ್ನ ಕೇಳಿದ್ರೆ ಗಾಡೀನ ಲೇನ್ ಒಳಗೇ ಇಡೋ ಲೇನ್ ಅಸಿಸ್ಟ್ ಯಾವ ಕಂಪನಿಯದ್ದನ್ನೂ ಮಾಸಿದ ಗೆರೆ ಮೇಲೆ ನಂಬೋ ಹಾಗಿಲ್ಲ.

ಎಕ್ಸಿಟ್‌ಗೆ ಒಂದು ಕಿಲೋಮೀಟರ್ ಮುಂಚೆಯೇ ಎಡಕ್ಕೆ ಬಂದಿರಿ. ಮದ್ದೂರು ವಡೆ ನೆನಪಾಗಿ ಬಲಗಡೆಯಿಂದ ಮೂರು ಲೇನ್ ಅಡ್ಡ ಹಾಯೋರಿದ್ದಾರೆ! ತಪ್ಪಿದ್ರೆ ಮುಂದಿನದ್ರಲ್ಲಿ ಇಳೀರಿ, ರಿವರ್ಸ್ ಹಾಕಲೇಬೇಡಿ. ಇಳಿದ ಮೇಲೆ ಸರ್ವೀಸ್ ರಸ್ತೇಲಿ ವೇಗ ಇಳಿಸಿ. 2023ರ ಆಗಸ್ಟ್‌ನಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗೆ ಎಕ್ಸ್‌ಪ್ರೆಸ್‌ವೇಲಿ ಪ್ರವೇಶ ಇಲ್ಲ, ಎಲ್ಲಾ ಅಲ್ಲೇ. ಮಂಡ್ಯದ ಕಡೆ ಕಬ್ಬಿನ ಟ್ರೇಲರ್‌ಗೆ ಹಿಂದೆ ಲೈಟೂ ಇರಲ್ಲ.

ಟೈರ್ ಗಾಳಿ ಬಗ್ಗೆಯೂ ಕೇಳಿದ್ರಿ. ಹೈವೇಗೆ ಅಂತ ಕಮ್ಮಿ ಮಾಡ್ಬೇಡಿ, ಬಿಸಿಯಾಗಿ ಸಿಡಿಯೋದೇ ಕಮ್ಮಿ ಗಾಳಿಯಿಂದ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್ ನೋಡಿ, ಫುಲ್ ಲೋಡಿಗೆ ಬೇರೆ ಅಂಕಿ ಇದ್ರೆ ಅದನ್ನೇ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಾಕಿಸಿ.