ಅಪಾಚೆ, ಕಾಮೋವ್, ಧ್ರುವ್: ಯಾವುದರ ರೋಟರ್ ಉತ್ತಮ ಎಂದು ಕೇಳಿದವರಿಗೆ

ಮೂರೂ ಹೆಲಿಕಾಪ್ಟರ್‌ಗಳ ರೋಟರನ್ನು, ಅಂದರೆ ತಿರುಗುವ ಬ್ಲೇಡುಗಳ ಜೋಡಣೆಯನ್ನು, ಕೋಷ್ಟಕದಲ್ಲಿ ಹೋಲಿಸಿ, ಗೆದ್ದುದರ ಮಾದರಿಯನ್ನು ಅಂತಿಮ ವರ್ಷದ ಪ್ರಾಜೆಕ್ಟಿಗೆ ಕಟ್ಟುವುದಾಗಿ ಬರೆದಿದ್ದೀರಿ. ಧಾರವಾಡದಿಂದ ಪುಣೆಗೆ ಎಂಜಿನಿಯರಿಂಗ್ ಓದಲು ಬಂದ ನಾನೂ ಇದನ್ನೇ ಮಾಡಿದ್ದೆ. ನನ್ನ ಕೋಷ್ಟಕದಲ್ಲಿ ವ್ಯಾಸ, ತೂಕ, ಬ್ಲೇಡುಗಳ ಸಂಖ್ಯೆ ಎಲ್ಲವೂ ಇದ್ದವು. ಯಂತ್ರ ನಿಲ್ಲುವ ಕಾಲುಗಳಿಗೆ ಮಾತ್ರ ಒಂದು ಸಾಲೂ ಇರಲಿಲ್ಲ.

ಅಪಾಚೆಯಲ್ಲಿರುವಂತೆ ನನ್ನ ಮಾದರಿಯ ನಾಲ್ಕು ಬ್ಲೇಡುಗಳಿಗೂ ಹಿಂದೆ ಮುಂದೆ ಓಲಾಡುವ ಅವಕಾಶ ಕೊಟ್ಟು, ತೂಕ ಉಳಿಸುವ ಜಾಣತನದಲ್ಲಿ ಆ ಓಲಾಟವನ್ನು ತಗ್ಗಿಸುವ ಡ್ಯಾಂಪರ್‌ಗಳನ್ನು ಕೈಬಿಟ್ಟೆ. ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾಗ ಅದು ತಿಂಗಳುಗಟ್ಟಲೆ ಸೊಗಸಾಗಿ ತಿರುಗಿತು. ಪ್ರದರ್ಶನದ ದಿನ ಸದ್ದು ತಗ್ಗಲೆಂದು ಬೋಲ್ಟ್ ಬಿಚ್ಚಿ, ಅಡಿಗೆ ರಬ್ಬರ್ ತುಂಡುಗಳನ್ನಿಟ್ಟೆ.

ಆಗ ನಡೆದುದನ್ನು ಬಿಡಿಸಿಯೇ ಹೇಳಬೇಕು. ಬ್ಲೇಡುಗಳು ಅಸಮವಾಗಿ ಓಲಾಡಿದರೆ ಅವುಗಳ ಒಟ್ಟು ಗುರುತ್ವ ಕೇಂದ್ರ ಅಕ್ಷದಿಂದ ಸರಿದು ಸುತ್ತತೊಡಗುತ್ತದೆ. ರೋಟರಿನ ಆವರ್ತನದಿಂದ ಬ್ಲೇಡಿನ ಓಲಾಟದ ಆವರ್ತನವನ್ನು ಕಳೆದರೆ ಉಳಿಯುವ ಲಯವು, ಕಾಲುಗಳ ಮೇಲೆ ಒಡಲು ತೂಗಾಡುವ ಲಯಕ್ಕೆ ಸಮವಾದಾಗ, ಒಡಲು ಬ್ಲೇಡುಗಳನ್ನೂ ಬ್ಲೇಡುಗಳು ಒಡಲನ್ನೂ ಎಳೆದಾಡುತ್ತವೆ, ಈ ತೂಗಾಟ ಎಂಜಿನ್ನಿನ ಶಕ್ತಿಯನ್ನೇ ಉಂಡು ಬೆಳೆಯುತ್ತದೆ. ಇದೇ ಗ್ರೌಂಡ್ ರೆಸೊನೆನ್ಸ್. ಬಿಗಿದ ನೆಲದಲ್ಲಿ ತೂಗಾಟವೇ ಇರಲಿಲ್ಲವಾದ್ದರಿಂದ ಡ್ಯಾಂಪರ್ ಇಲ್ಲದ ಕೊರತೆ ಕಾಣಲಿಲ್ಲ. ರಬ್ಬರ್ ಆ ತೂಗಾಟವನ್ನು ಒದಗಿಸಿತು. ನಾನಾದರೋ ಅಳತೆ ಬರೆದುಕೊಳ್ಳಲೆಂದು ಆ ಲಯಗಳು ಸಮವಾಗುವ ವೇಗದಲ್ಲೇ ರೋಟರನ್ನು ತಿರುಗಿಸುತ್ತಾ ಇದ್ದೆ. ಕೆಲವೇ ಸೆಕೆಂಡುಗಳಲ್ಲಿ ಒಂದು ಬ್ಲೇಡ್ ಕಿತ್ತು ಗೋಡೆಗೆ ಬಡಿಯಿತು. ಯಾರಿಗೂ ತಗಲಲಿಲ್ಲ, ಪ್ರಾಜೆಕ್ಟ್ ಮಾತ್ರ ಮುಂದಿನ ವರ್ಷಕ್ಕೆ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರೋಟರನ್ನು ಅದರ ಒಡಲಿನಿಂದ ಬೇರ್ಪಡಿಸಿ ಅಂಕ ಕೊಡಲಾಗದು. ಅಪಾಚೆಯ 14.63 ಮೀಟರ್ ರೋಟರಿಗೆ ರಬ್ಬರಿನಂಥ ಎಲಾಸ್ಟೊಮರ್ ವಸ್ತುವಿನ ಡ್ಯಾಂಪರ್‌ಗಳಿವೆ. ಧ್ರುವ್‌ನ 13.2 ಮೀಟರ್ ರೋಟರಿನಲ್ಲಿ ಕೀಲುಗಳ ಕೆಲಸವನ್ನು ಬಾಗುವ ಸಂಯುಕ್ತ ವಸ್ತುವೇ ಮಾಡುತ್ತದೆ. ಕಾಮೋವ್ ಒಂದರ ಮೇಲೊಂದು, ಎದುರು ದಿಕ್ಕಿಗೆ ತಿರುಗುವ ಎರಡು ರೋಟರ್ ಹೊತ್ತಿರುವುದರಿಂದ ಅದಕ್ಕೆ ಬಾಲದ ರೋಟರ್ ಬೇಡ, ಉದ್ದನೆಯ ಬಾಲವೂ ಬೇಡ. ಹಡಗಿನ ಇಕ್ಕಟ್ಟಾದ ಡೆಕ್ಕಿಗೆ ಅದು ಒದಗುವುದು ಇದರಿಂದ. ಅಮೆರಿಕದ ಹುಯಿ (Huey) ಹೆಲಿಕಾಪ್ಟರಿನ, ಏತದಂತೆ ತೂಗುವ ಎರಡು ಬ್ಲೇಡಿನ ರೋಟರಿಗೆ ನಾನು ಅನುಭವಿಸಿದ ಪೀಡೆಯೇ ಇಲ್ಲ, ಆದರೂ ಅದು ನಿಮ್ಮ ಪಟ್ಟಿಯಲ್ಲಿಲ್ಲ!

ಒಂದೇ ಯಂತ್ರವನ್ನು ಆರಿಸಿಕೊಂಡು, ಸಣ್ಣ ಮಾದರಿಯನ್ನು ಮೊದಲ ದಿನದಿಂದಲೇ ಸ್ಪ್ರಿಂಗ್‌ಗಳ ಮೇಲೆ, ಗಟ್ಟಿ ಜಾಲರಿಯೊಳಗೆ ನಿಲ್ಲಿಸಿ ಪರೀಕ್ಷಿಸಿ. ಗೋವಾಕ್ಕೆ ಹೋದರೆ ದಾಬೋಲಿಮ್ ಬಳಿಯ ನೌಕಾ ವಾಯುಯಾನ ಸಂಗ್ರಹಾಲಯದಲ್ಲಿರುವ ಹೆಲಿಕಾಪ್ಟರ್‌ಗಳ ರೋಟರನ್ನು ಆಮೇಲೆ ನೋಡಿ, ಮೊದಲು ಬಗ್ಗಿ ಚಕ್ರಗಳನ್ನು ನೋಡಿ.